ಕೊನೆಗೆ ಬಂದವನ ಲೆಕ್ಕ

ವಾಚನಾಲಯದ ಪುಸ್ತಕಕ್ಕೆ ಚರಿತ್ರೆಯ ಲೇಖನ ಒಂದು ಬೇಕು ಅಂತ ಕಾರ್ಯದರ್ಶಿಗಳು ಹೇಳಿದಾಗ, ನಾನು ಕುಂಬಳೆ ಸೀಮೆಯ ಬಗ್ಗೆಯೋ ಬೇಕಲ ಕೋಟೆಯ ಬಗ್ಗೆಯೋ ಬರೆದೇನು ಅಂತ ಅವರು ಎಣಿಸಿರಬೇಕು. ಅದನ್ನು ನನಗಿಂತ ಚೆನ್ನಾಗಿ ಬರೆಯುವವರು ಊರಿನಲ್ಲಿ ಇದ್ದಾರೆ. ನಾನು ಬರೆಯಲು ಹೊರಟದ್ದು ಅಮೆರಿಕದ ಬೇಸ್‌ಬಾಲ್ ಆಟದ ಒಂದು ಮೂಲೆಯ ಚರಿತ್ರೆ. ಮಾಷ್ಟ್ರಿಗೆ ಎಂತಾಯ್ತಪ್ಪಾ ಅಂತ ನಗಬೇಡಿ. ಕೊನೆಯವರೆಗೆ ಓದಿದರೆ ಇದು ನಮ್ಮ ಶಾಲೆಯ ವಿಷಯವೂ ಹೌದು ಅಂತ ನಿಮಗೆ ಕಾಣಬಹುದು.

ನನ್ನ ಮಗಳು ನ್ಯೂಜೆರ್ಸಿಯಲ್ಲಿ ಇರುವುದು. ನಿವೃತ್ತಿಯಾದ ಮೇಲೆ ಒಂದು ಬೇಸಿಗೆ ಅಲ್ಲಿ ಹೋಗಿ ಇದ್ದೆ. ಅಳಿಯ ಒಂದು ಸಂಜೆ ಬ್ರಿಡ್ಜ್‌ವಾಟರ್ ಎಂಬ ಊರಿನ ಮೈದಾನಕ್ಕೆ ಕರೆದುಕೊಂಡು ಹೋದರು. ಅಲ್ಲಿ ಆಡುವ ಸಾಮರ್‌ಸೆಟ್ ಪೇಟ್ರಿಯಟ್ಸ್ ಎಂಬ ತಂಡ ನ್ಯೂಯಾರ್ಕ್ ಯಾಂಕೀಸ್ ಎಂಬ ದೊಡ್ಡ ತಂಡದ ಕೈಕೆಳಗಿನದು. ಆಡುವವರೆಲ್ಲ ಇಪ್ಪತ್ತು ಇಪ್ಪತ್ತೆರಡರ ಹುಡುಗರು. ನಮ್ಮ ಎದುರಿನ ಸಾಲಿನಲ್ಲಿ ಒಬ್ಬ ಮನುಷ್ಯ ಕೂತಿದ್ದ. ಒಂದು ಕೈಯಲ್ಲಿ ವೇಗ ಅಳೆಯುವ ಯಂತ್ರ, ಮಡಿಲಲ್ಲಿ ನೋಟ್‌ಬುಕ್. ಆಟದ ಕೊನೆಗೆ ಒಬ್ಬ ಹೊಸ ಹುಡುಗ ಬಂದು ಹತ್ತು ಹನ್ನೆರಡು ಚೆಂಡು ಎಸೆದ. ಈ ಮನುಷ್ಯ ನಾಲ್ಕು ಅಂಕೆ ಬರೆದು ಪುಸ್ತಕ ಮಡಚಿ ಎದ್ದು ಹೋದ. "ಅವನು ಯಾರು?" ಅಂತ ಕೇಳಿದೆ. "ಸ್ಕೌಟ್ ಮಾವ, ಹುಡುಗರಿಗೆ ಮಾರ್ಕ್ ಹಾಕುವವರು" ಅಂದರು ಅಳಿಯ. ಮೂವತ್ತು ವರ್ಷ ನಾನೂ ಮಾರ್ಕ್ ಹಾಕಿದವನೇ ಅಲ್ಲವೆ? ಹತ್ತು ಎಸೆತ ನೋಡಿ ಇವನು ಬರೆದದ್ದು ಎಂತ ಅಂತ ತಿಳಿಯುವ ಆಸೆ ಆಯಿತು. ಉಳಿದ ಎರಡು ತಿಂಗಳು ಅಲ್ಲಿನ ಲೈಬ್ರರಿಯಲ್ಲಿ ಇದೇ ಓದಿದೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಕ್ರಿಕೆಟಿನ ಬೌಲರ್ ಇದ್ದ ಹಾಗೆ ಅಲ್ಲಿ ಪಿಚರ್ ಉಂಟು. ಆದರೆ ಓವರಿಗೊಬ್ಬರು ಬದಲಾಗುವುದಿಲ್ಲ. ಒಬ್ಬನೇ ಎಸೆಯುತ್ತಾ ಹೋಗಬೇಕು. ಮೂರು ಜನ ಔಟಾದರೆ ಒಂದು ಇನ್ನಿಂಗ್ಸ್ ಮುಗಿಯಿತು. ಒಂದೊಂದು ತಂಡಕ್ಕೆ ಅಂಥ ಒಂಬತ್ತು ಇನ್ನಿಂಗ್ಸ್. ಒಮ್ಮೆ ಹೊರಗೆ ಕರೆದ ಆಟಗಾರ ಆ ದಿನ ಮತ್ತೆ ಬರುವ ಹಾಗಿಲ್ಲ. ಮೊದಲನೆಯವನು ದಣಿದಾಗ ಅವನ ಜಾಗಕ್ಕೆ ಬರುವವನೇ ರಿಲೀಫ್ ಪಿಚರ್. ಮೈದಾನದ ಬದಿಯಲ್ಲಿ ಬುಲ್‌ಪೆನ್ ಎಂಬ ಜಾಗದಲ್ಲಿ ಅವನು ಕೈ ಬಿಸಿ ಮಾಡಿಕೊಂಡು ಕಾಯುತ್ತಿರುತ್ತಾನೆ. ಚೌಕಿಯಲ್ಲಿ ಬಣ್ಣ ಹಚ್ಚಿ ಬೆಳಗಿನ ಜಾವದ ಪ್ರವೇಶಕ್ಕೆ ಕಾಯುವ ವೇಷಧಾರಿಯನ್ನು ನೆನೆಸಿಕೊಳ್ಳಿ, ಸಾಕು.

ಮೊದಲು ಈ ಕೆಲಸವೇ ಇರಲಿಲ್ಲ. ಆರಂಭ ಮಾಡಿದವನೇ ಮುಗಿಸಬೇಕು ಅಂತ ರೂಢಿ. ಬೇಕಾದಾಗ ಆಟಗಾರರನ್ನು ಬದಲಿಸಬಹುದು ಅಂತ ನಿಯಮ ಸಡಿಲವಾದದ್ದೇ 1891ರಲ್ಲಿ. ಆ ಕಾಲದ ಸೈ ಯಂಗ್ ಎಂಬವರು 815 ಪಂದ್ಯ ಆರಂಭಿಸಿ ಅದರಲ್ಲಿ 749ನ್ನು ತಾವೇ ಮುಗಿಸಿದರು. ನಡುವೆ ಕೈಬಿಟ್ಟು ಹೋಗುವುದು ಅವಮಾನ, ಬದಲಿಗೆ ಬರುವವನು ಕೆಲಸಕ್ಕೆ ಬಾರದವನು ಎಂಬ ಭಾವನೆ ಬಹಳ ಕಾಲ ಉಳಿಯಿತು. 1924ರಲ್ಲಿ ವಾಷಿಂಗ್ಟನ್ ತಂಡ ವರ್ಲ್ಡ್ ಸೀರೀಸ್ ಗೆದ್ದಾಗ ಫರ್ಪೋ ಮಾರ್ಬೆರಿ ಎಂಬ ಯುವಕ ಹೆಚ್ಚಾಗಿ ಬದಲಿಗೆ ಬಂದೇ ತಂಡಕ್ಕೆ ಆಧಾರವಾಗಿದ್ದ. 1950ರಲ್ಲಿ ಫಿಲಡೆಲ್ಫಿಯಾದ ಜಿಮ್ ಕಾನ್‌ಸ್ಟಾಂಟಿ 74 ಪಂದ್ಯಗಳಲ್ಲಿ ಎಸೆದರು. ಒಂದನ್ನೂ ಆರಂಭಿಸಿದ್ದಲ್ಲ. ಆ ವರ್ಷ ನ್ಯಾಷನಲ್ ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿ ಅವರಿಗೇ ಬಂತು. ಅಲ್ಲಿಗೆ ಈ ಕೆಲಸಕ್ಕೆ ಮರ್ಯಾದೆ ಸಿಕ್ಕಿತು. ಆದರೆ ಅದನ್ನು ಅಳೆಯುವ ಸೇರು ಮಾತ್ರ ಸಿಗಲಿಲ್ಲ.

ಬೇಸ್‌ಬಾಲ್ ಲೆಕ್ಕದ ಆಟ. ಅದಕ್ಕೆ ಲೆಕ್ಕ ಬರೆಯುವುದನ್ನು ಕಲಿಸಿದ ಹೆನ್ರಿ ಚಾಡ್‌ವಿಕ್ ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ, ಮೊದಲು ಕ್ರಿಕೆಟ್ ವರದಿ ಬರೆಯುತ್ತಿದ್ದವರು. ಪಿಚರನ್ನು ಅಳೆಯುವ ಮುಖ್ಯ ಲೆಕ್ಕ ಇಷ್ಟೆ: ಒಂಬತ್ತು ಇನ್ನಿಂಗ್ಸಿಗೆ ಅವನು ಎಷ್ಟು ರನ್ ಬಿಟ್ಟ. ಫೀಲ್ಡರುಗಳ ತಪ್ಪಿನಿಂದ ಬಂದ ರನ್ ಅದರಲ್ಲಿ ಸೇರುವುದಿಲ್ಲ. ಸರಾಸರಿ ಮೂರು ಇದ್ದರೆ ಒಳ್ಳೆಯದು, ಐದಾದರೆ ಕಷ್ಟ. ದಿನವಿಡೀ ಎಸೆಯುವವನಿಗೆ ಈ ಲೆಕ್ಕ ಸರಿ. ಕೊನೆಗೆ ಬಂದವನಿಗೆ ಮಾತ್ರ ಇದು ಎರಡು ಕಡೆಯಿಂದ ಮೋಸ ಮಾಡುತ್ತದೆ.

ಒಂದನೆಯದು ಹೀಗೆ. ಮೊದಲನೆಯವನು ಮೂರು ಬೇಸಿನಲ್ಲೂ ಎದುರಾಳಿಗಳನ್ನು ನಿಲ್ಲಿಸಿ ಹೊರಗೆ ಹೋದ ಅಂತ ಇಟ್ಟುಕೊಳ್ಳಿ. ಹೊಸಬ ಬಂದ. ಅವನ ಎಸೆತಕ್ಕೆ ಹೊಡೆತ ಬಿದ್ದು ಆ ಮೂವರೂ ಓಡಿ ರನ್ ಮಾಡಿದರು. ಆ ಮೂರು ರನ್ ಯಾರ ಲೆಕ್ಕಕ್ಕೆ? ಹೊರಗೆ ಹೋಗಿ ಕೂತವನ ಲೆಕ್ಕಕ್ಕೆ. ಹೊಸಬನ ಪುಸ್ತಕ ಚೊಕ್ಕ. ಇನ್ನೊಬ್ಬ ಅದೇ ಸಂಕಟದಲ್ಲಿ ಬಂದು ಒಂದು ರನ್ನೂ ಬಿಡದೆ ಮೂವರನ್ನು ಔಟ್ ಮಾಡಿದ ಅಂತ ಇಟ್ಟುಕೊಳ್ಳಿ. ಅವನ ಪುಸ್ತಕದಲ್ಲಿಯೂ ಬಿಟ್ಟ ರನ್ ಸೊನ್ನೆ. ಮನೆ ಉಳಿಸಿದವನಿಗೂ ಮುಳುಗಿಸಿದವನಿಗೂ ರನ್ನಿನ ಅಂಕಣದಲ್ಲಿ ಒಂದೇ ಅಂಕೆ.

ಎರಡನೆಯದು ಅಳತೆ ಸಣ್ಣದಾದ ತೊಂದರೆ. ಆರಂಭದ ಪಿಚರ್ ವರ್ಷಕ್ಕೆ 180 ಇನ್ನಿಂಗ್ಸ್ ಎಸೆದರೆ ರಿಲೀಫ್ ಪಿಚರ್ ಎಸೆಯುವುದು 60ರ ಆಸುಪಾಸು. ಇದನ್ನು ಏಳನೇ ಕ್ಲಾಸಿನ ಮಕ್ಕಳಿಗೂ ಮಾಡಿ ತೋರಿಸಬಹುದು. 180 ಇನ್ನಿಂಗ್ಸಿಗೆ 60 ರನ್ ಅಂದರೆ ಸರಾಸರಿ 3.00. ಒಂದು ಕೆಟ್ಟ ದಿನ ಬಂದು ಮತ್ತೆ ಐದು ರನ್ ಸೇರಿದರೆ 3.25. ವ್ಯತ್ಯಾಸ ಕಣ್ಣಿಗೆ ಹೊಡೆಯುವುದಿಲ್ಲ. 60 ಇನ್ನಿಂಗ್ಸಿಗೆ 20 ರನ್ ಅಂದರೂ 3.00. ಅಲ್ಲಿ ಅದೇ ಐದು ರನ್ ಸೇರಿದರೆ 3.75. ಜ್ವರ ಬಂದ ಒಂದು ಸಂಜೆ ಸಾಕು, ವರ್ಷದ ಹೆಸರು ಕೆಟ್ಟಿತು.

ಇದಕ್ಕೆ ಮದ್ದು ಹುಡುಕಿದವರು ಶಿಕಾಗೋದ ಪತ್ರಕರ್ತ ಜೆರೋಮ್ ಹೋಲ್ಟ್ಸ್‌ಮನ್. 1959ರಲ್ಲಿ ಪಿಟ್ಸ್‌ಬರ್ಗಿನ ರಾಯ್ ಫೇಸ್ ಎಂಬ ರಿಲೀಫ್ ಪಿಚರ್ 18 ಗೆಲುವು, ಒಂದೇ ಸೋಲು ಅಂತ ದಾಖಲೆ ಮಾಡಿದರು. ಊರೆಲ್ಲ ಹೊಗಳಿತು. ಹೋಲ್ಟ್ಸ್‌ಮನ್ ಪಂದ್ಯಗಳನ್ನು ಒಂದೊಂದಾಗಿ ತೆಗೆದು ನೋಡಿದರು. ಹಲವು ಸಲ ಫೇಸ್ ಕೈಯಲ್ಲಿದ್ದ ಮುನ್ನಡೆಯನ್ನು ಕಳೆದಿದ್ದರು, ಆಮೇಲೆ ತಂಡದವರು ರನ್ ಹೊಡೆದು ಗೆಲ್ಲಿಸಿದ್ದರು. ಗೆಲುವು ಮಾತ್ರ ಫೇಸ್ ಹೆಸರಿಗೆ ಬಂದಿತ್ತು. ಹಾಗಾಗಿ ಹೋಲ್ಟ್ಸ್‌ಮನ್ "ಸೇವ್" ಎಂಬ ಹೊಸ ಲೆಕ್ಕ ಮಾಡಿದರು. ಗೆಲ್ಲುತ್ತಿರುವ ಪಂದ್ಯವನ್ನು ಕೆಡದ ಹಾಗೆ ಕಾಯ್ದು ಮುಗಿಸಿದವನಿಗೆ ಒಂದು ಸೇವ್. 1969ರಲ್ಲಿ ಅದು ಅಧಿಕೃತವೂ ಆಯಿತು.

ಮದ್ದು ಒಳ್ಳೆಯದೇ. ಆದರೆ ಮದ್ದಿಗೂ ಪಥ್ಯ ಬೇಕಲ್ಲ. ಈಗಿನ ನಿಯಮದಲ್ಲಿ ಮೂರು ರನ್ ಮುಂದಿರುವಾಗ ಬಂದು ಕೊನೆಯ ಒಂದು ಇನ್ನಿಂಗ್ಸ್ ಮುಗಿಸಿದರೂ ಸೇವ್ ಸಿಗುತ್ತದೆ. ಏಳನೆಯ ಇನ್ನಿಂಗ್ಸಿನಲ್ಲಿ ಸಮಬಲ ಇರುವಾಗ, ಬೇಸುಗಳೆಲ್ಲ ತುಂಬಿರುವಾಗ ಬಂದು ತಂಡವನ್ನು ಉಳಿಸಿ ಹೋದವನಿಗೆ ಅದಕ್ಕೆ ಸೇವ್ ಇಲ್ಲ. 1988ರಲ್ಲಿ ಓಕ್‌ಲ್ಯಾಂಡ್ ತಂಡದ ಮ್ಯಾನೇಜರ್ ಟೋನಿ ಲಾ ರೂಸಾ, ಮೊದಲು ಆರಂಭದ ಪಿಚರ್ ಆಗಿದ್ದ ಡೆನಿಸ್ ಎಕರ್ಸ್‌ಲಿಯನ್ನು ಹೆಚ್ಚಾಗಿ ಕೊನೆಯ ಒಂದೇ ಇನ್ನಿಂಗ್ಸಿಗೆ ಇಳಿಸತೊಡಗಿದರು. ಆ ವರ್ಷ ಎಕರ್ಸ್‌ಲಿಗೆ 45 ಸೇವ್. ಎಲ್ಲಾ ತಂಡಗಳೂ ಅದನ್ನೇ ಹಿಡಿದವು. ಕೆಲಸವನ್ನು ಅಳೆಯಲಿಕ್ಕೆ ಹುಟ್ಟಿದ ಲೆಕ್ಕ ಕಡೆಗೆ ಕೆಲಸವನ್ನೇ ತನ್ನ ಅಳತೆಗೆ ಕತ್ತರಿಸಿಕೊಂಡಿತು. ಪರೀಕ್ಷೆಗೆ ಬರುವುದನ್ನು ಮಾತ್ರ ಪಾಠ ಮಾಡುವ ರೋಗ ನಮ್ಮಲ್ಲಿಯೂ ಇಲ್ಲವೆ ಮಾರಾಯ್ರೆ?

ಇನ್ನು ಎಳೆಯರ ವಿಷಯಕ್ಕೆ ಬರುತ್ತೇನೆ. ದೊಡ್ಡ ತಂಡಗಳ ಕೈಕೆಳಗೆ ಮೈನರ್ ಲೀಗಿನ ಮೆಟ್ಟಿಲುಗಳಿವೆ. ಎಲ್ಲಕ್ಕೂ ಕೆಳಗೆ ಹೊಸಬರ ಲೀಗ್, ಆಮೇಲೆ ಎ, ಡಬಲ್ ಎ, ಟ್ರಿಪಲ್ ಎ. ನಾನು ನೋಡಿದ್ದು ಡಬಲ್ ಎ. ನಮ್ಮ ಮೇಳಗಳಲ್ಲಿ ಕೋಡಂಗಿ, ಬಾಲಗೋಪಾಲ ಅಂತ ಕುಣಿದು, ಪೀಠಿಕೆ ವೇಷ ದಾಟಿ ಮೇಲೆ ಬರುವ ಹಾಗೆಯೇ. ಈ ವ್ಯವಸ್ಥೆ ಕಟ್ಟಿದವರು ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಬ್ರಾಂಚ್ ರಿಕಿ, 1920ರ ದಶಕದಲ್ಲಿ. ದುಡ್ಡು ಕೊಟ್ಟು ದೊಡ್ಡ ಆಟಗಾರರನ್ನು ಕೊಳ್ಳಲು ಆಗದಿದ್ದರೆ ಸಣ್ಣವರನ್ನು ಬೆಳೆಸೋಣ ಅಂತ. ಅಲ್ಲಿಯವರು ಇದನ್ನು "ಫಾರ್ಮ್", ಅಂದರೆ ತೋಟ ಅಂತಲೇ ಹೇಳುವುದು.

ತೋಟ ಅಂದ ಮೇಲೆ ಸಸಿ ಆರಿಸುವುದು ಬಂತು. ತೆಂಗಿನ ಸಸಿ ಆರಿಸುವಾಗ ನಾವು ಬೇಗ ಮೊಳೆತದ್ದು, ಬುಡ ದಪ್ಪ ಇರುವುದು, ಎಲೆ ಬೇಗ ಸೀಳಿದ್ದು ನೋಡುತ್ತೇವೆ. ಅಲ್ಲಿಯ ಸ್ಕೌಟುಗಳು 20ರಿಂದ 80ರವರೆಗೆ ಅಂಕ ಹಾಕುತ್ತಾರೆ. 50 ಅಂದರೆ ದೊಡ್ಡ ಲೀಗಿನ ಸಾಮಾನ್ಯ ಆಟಗಾರನ ಮಟ್ಟ. 1970ರ ದಶಕದಲ್ಲಿ ಡ್ಯಾನಿ ಲಿಟ್‌ವೈಲರ್ ಎಂಬ ಕಾಲೇಜು ಕೋಚ್, ಪೊಲೀಸರು ಗಾಡಿಗಳ ವೇಗ ಅಳೆಯುವ ರಾಡಾರನ್ನು ಚೆಂಡಿಗೆ ಹಿಡಿದರು. ಅಂದಿನಿಂದ ವೇಗ ಎಂಬುದು ಖಚಿತವಾದ ಅಂಕೆ ಆಯಿತು. ಖಚಿತವಾದ ಅಂಕೆಯ ಮುಂದೆ ಉಳಿದ ಗುಣಗಳು ಸ್ವಲ್ಪ ಹಿಂದೆ ಸರಿದವು.

ಆರಿಸುವ ಮೊದಲೇ ಬೇಲಿ ಹಾಕಿ ಹೊರಗೆ ನಿಲ್ಲಿಸಿದ್ದನ್ನೂ ಇಲ್ಲಿ ಹೇಳಬೇಕು. ರಿಕಿಯೇ ಕರೆತಂದ ಜಾಕಿ ರಾಬಿನ್‌ಸನ್ 1946ರಲ್ಲಿ ಮಾಂಟ್ರಿಯಲ್ ಎಂಬ ಮೈನರ್ ತಂಡದಲ್ಲಿ ಆಡಿ, 1947ರಲ್ಲಿ ಬ್ರೂಕ್ಲಿನ್ ತಂಡದಿಂದ ಮೇಜರ್ ಲೀಗಿಗೆ ಬರುವ ತನಕ, ಅರವತ್ತು ವರ್ಷಗಳ ಹತ್ತಿರ ಕರಿಯ ಆಟಗಾರರಿಗೆ ಆ ಏಣಿಯೇ ಇರಲಿಲ್ಲ. ಮಹಾ ಪಿಚರ್ ಸ್ಯಾಚೆಲ್ ಪೇಜ್ ಮೇಜರ್ ಲೀಗಿನಲ್ಲಿ ಮೊದಲ ಚೆಂಡು ಎಸೆದಾಗ 1948, ಪ್ರಾಯ 42. ಅಷ್ಟು ವರ್ಷ ಅವರ ಎಸೆತ ಯಾರಿಗೂ ಕಾಣದೆ ಇದ್ದದ್ದಲ್ಲ. ಕಂಡರೂ ಅಂಕ ಹಾಕುವವರಿರಲಿಲ್ಲ.

ಈಗ ಒಂದೇ ತೋಟದ ಎರಡು ಸಸಿಗಳ ಕಥೆ. ಎರಡೂ ಯಾಂಕೀಸ್ ತಂಡದ್ದು.

1991ರಲ್ಲಿ ಇಡೀ ದೇಶದ ಎಳೆಯರಲ್ಲಿ ಮೊದಲನೆಯವನಾಗಿ ಆ ತಂಡ ಆರಿಸಿದ್ದು ಬ್ರೈಯನ್ ಟೇಲರ್ ಎಂಬ ಹೈಸ್ಕೂಲು ಹುಡುಗನನ್ನು. ನಾರ್ತ್ ಕ್ಯಾರೊಲೈನಾದ ಬಡ ಮನೆಯವನು, ಎಡಗೈ, ಗಂಟೆಗೆ 150 ಕಿಲೋಮೀಟರಿಗೂ ಮಿಕ್ಕಿದ ವೇಗ. ಸಹಿ ಹಾಕಿದ್ದಕ್ಕೇ 15 ಲಕ್ಷದ 50 ಸಾವಿರ ಡಾಲರ್. ಅದರ ಹಿಂದಿನ ವರ್ಷ, 1990ರಲ್ಲಿ, ಪನಾಮಾ ದೇಶದ ಪೋರ್ಟೊ ಕೈಮಿಟೊ ಎಂಬ ಮೀನುಗಾರರ ಊರಿನಿಂದ ಅದೇ ತಂಡ ಇನ್ನೊಬ್ಬನನ್ನು ತೆಗೆದುಕೊಂಡಿತ್ತು. ಅಪ್ಪ ದೋಣಿಯವರು, ಹುಡುಗನೂ ದೋಣಿಯಲ್ಲಿ ದುಡಿದವನು. ಪ್ರಾಯ ಆಗಲೇ ಇಪ್ಪತ್ತು. ಮೊದಲು ಫೀಲ್ಡರ್ ಆಗಿದ್ದು ಆಮೇಲೆ ಪಿಚರ್ ಆದವನು. ವೇಗ ಸಾಧಾರಣ. ಕೊಟ್ಟದ್ದು ಎರಡು ಮೂರು ಸಾವಿರ ಡಾಲರ್. ಹೆಸರು ಮಾರಿಯಾನೊ ರಿವೇರಾ. ಇಬ್ಬರ ಬೆಲೆಯಲ್ಲಿ ಐನೂರು ಪಟ್ಟಿಗೂ ಹೆಚ್ಚು ವ್ಯತ್ಯಾಸ.

ರಿವೇರಾ ಮೊದಲ ವರ್ಷ ಕೆಳಗಿನ ಲೀಗಿನಲ್ಲಿ 52 ಇನ್ನಿಂಗ್ಸ್ ಎಸೆದು ಒಂದೇ ರನ್ ಲೆಕ್ಕಕ್ಕೆ ಸೇರಿಸಿಕೊಂಡರು. ಆದರೂ ದೊಡ್ಡ ಹೆಸರು ಬರಲಿಲ್ಲ. 1992ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆ ಆಯಿತು. ಅದೇ ವರ್ಷ ಫ್ಲಾರಿಡಾ, ಕೊಲೊರಾಡೊ ಅಂತ ಎರಡು ಹೊಸ ತಂಡಗಳು ಆಟಗಾರರನ್ನು ಕೂಡಿಸಿಕೊಳ್ಳುತ್ತಿದ್ದವು. ಹಳೆಯ ತಂಡಗಳು ಕಾದಿರಿಸದೆ ಬಿಟ್ಟ ಆಟಗಾರರನ್ನು ಅವು ಆರಿಸಬಹುದಿತ್ತು. ಯಾಂಕೀಸ್ ರಿವೇರಾರನ್ನು ಕಾದಿರಿಸಲಿಲ್ಲ. ಹೊಸ ತಂಡಗಳೂ ಆರಿಸಲಿಲ್ಲ! ಅದೇ ಪಟ್ಟಿಯಿಂದ ಫ್ಲಾರಿಡಾದವರು ಟ್ರೆವರ್ ಹಾಫ್‌ಮನ್ ಎಂಬವರನ್ನು ತೆಗೆದುಕೊಂಡರು. ಅವರೂ ಫೀಲ್ಡರ್ ಆಗಿದ್ದು ಪಿಚರ್ ಆದವರು. ಮುಂದೆ ಸೇವ್‌ಗಳ ಲೆಕ್ಕದಲ್ಲಿ ಇಡೀ ಆಟದ ಮೊದಲ ಇಬ್ಬರಾದವರು ಇವರೇ: ರಿವೇರಾ 652, ಹಾಫ್‌ಮನ್ 601. ಇಬ್ಬರೂ ಒಂದೇ ದಿನ ಯಾರಿಗೆ ಬೇಕಾದರೂ ಸಿಗುವ ಹಾಗಿದ್ದರು.

ಟೇಲರ್ ಅತ್ತ 1993ರ ಹೊತ್ತಿಗೆ ಡಬಲ್ ಎ ಮಟ್ಟ ಮುಟ್ಟಿದ್ದ. ಆ ಡಿಸೆಂಬರಿನಲ್ಲಿ ಒಂದು ಜಗಳದಲ್ಲಿ ಸಿಕ್ಕಿ ಎಸೆಯುವ ಭುಜವೇ ಹರಿಯಿತು. ಆಮೇಲೆ ವರ್ಷಗಟ್ಟಲೆ ಪ್ರಯತ್ನಪಟ್ಟರೂ ಮೇಜರ್ ಲೀಗ್ ಕಾಣಲಿಲ್ಲ. ಅವನನ್ನು ಆರಿಸಿದವರು ಮೂರ್ಖರು ಅಂತ ನಾನು ಹೇಳುವುದಿಲ್ಲ. ಸಸಿ ಒಳ್ಳೆಯದೇ ಇತ್ತು, ಗಾಳಿ ಬಂದದ್ದು ಯಾರಿಗೆ ಗೊತ್ತು?

ರಿವೇರಾ ಮೇಲೆ ಬಂದದ್ದೂ ನೆಟ್ಟಗೆ ಅಲ್ಲ. 1995ರ ಮೇ 23ರಂದು ಮೊದಲ ಪಂದ್ಯ, ಆರಂಭದ ಪಿಚರ್ ಆಗಿ. ನಾಲ್ಕನೆಯ ಇನ್ನಿಂಗ್ಸ್ ಮುಗಿಸಲೂ ಆಗದೆ ಐದು ರನ್ ಬಿಟ್ಟರು. ಸ್ವಲ್ಪ ದಿನದಲ್ಲಿ ವಾಪಸು ಮೈನರ್ ಲೀಗಿಗೆ. ಬೇರೆ ತಂಡಕ್ಕೆ ಕೊಟ್ಟುಬಿಡುವ ಮಾತೂ ನಡೆದಿತ್ತು. ಆಗ ಕೆಳಗೆ ಅವರ ವೇಗ ಒಮ್ಮೆಲೇ ಏರಿ ಗಂಟೆಗೆ 150 ಕಿಲೋಮೀಟರ್ ದಾಟಿತು ಅಂತ ವರದಿ ಬಂತು. ಜುಲೈ 4ರಂದು ಮತ್ತೆ ಕರೆದಾಗ ಎಂಟು ಇನ್ನಿಂಗ್ಸ್ ಎಸೆದು ಒಂದು ರನ್ನೂ ಬಿಡಲಿಲ್ಲ. ಮರುವರ್ಷ ಅವರನ್ನು ರಿಲೀಫಿಗೆ ಇಟ್ಟರು, 1997ರಿಂದ ಕೊನೆಯ ಇನ್ನಿಂಗ್ಸ್ ಅವರದ್ದಾಯಿತು. ಆ ವರ್ಷವೇ ಕೈಗೆ ಬಂದ ಒಂದು ಎಸೆತ, ಕೊನೆಗಳಿಗೆಯಲ್ಲಿ ಸ್ವಲ್ಪ ಬದಿಗೆ ಸರಿಯುವ "ಕಟರ್", ಅವರ ಜೀವಮಾನದ ಅಸ್ತ್ರವಾಯಿತು. 2013ರವರೆಗೆ ಆಡಿದರು. 2019ರಲ್ಲಿ ಹಾಲ್ ಆಫ್ ಫೇಮ್ ಗೌರವಕ್ಕೆ ಮತ ಹಾಕಿದ 425 ಮಂದಿಯೂ ಅವರ ಹೆಸರು ಬರೆದರು. ಹಾಗೆ ಒಮ್ಮತದಿಂದ ಆಯ್ಕೆಯಾದ ಮೊದಲ ಆಟಗಾರ ಅವರು. ಅವರ ಅಂಗಿಯ ಸಂಖ್ಯೆ 42, ಜಾಕಿ ರಾಬಿನ್‌ಸನ್ ಅವರದ್ದೇ ಸಂಖ್ಯೆ.

1990ರ ಮಾರ್ಕ್ ಪಟ್ಟಿಯಲ್ಲಿ ಈ ಮನುಷ್ಯನನ್ನು ಹುಡುಕಿದರೆ ಸಿಗುವುದಿಲ್ಲ. ಆ ವೇಗ, ಆ ಎಸೆತ ಆಗ ಅವರಲ್ಲೇ ಇರಲಿಲ್ಲ. ಆದರೆ ಎಸೆದದ್ದು ಎಸೆದಲ್ಲಿ ಬೀಳುವ ಕೈ ಇತ್ತು, ಅವಸರವಿಲ್ಲದ ಮನಸ್ಸು ಇತ್ತು. ತಂಡದವರು ಮಾಡಿದ ದೊಡ್ಡ ಕೆಲಸ ಎಂತ ಅಂದರೆ, ಮೊದಲು ಹಾಕಿದ ಅಂಕವನ್ನು ಹೊಸ ವರದಿ ಬಂದಾಗ ತಿದ್ದಿದ್ದು.

ಅಂಕೆಯನ್ನು ನಂಬಬಾರದು ಅಂತಲೂ ಇದರ ಅರ್ಥ ಅಲ್ಲ. ಕೆಲವು ಸಲ ಕಣ್ಣೇ ಮೋಸ ಮಾಡುತ್ತದೆ. ಕ್ಯಾನ್ಸಸ್ ರಾಜ್ಯದ ಒಂದು ಆಹಾರ ಕಾರ್ಖಾನೆಯಲ್ಲಿ ರಾತ್ರಿ ಕಾವಲುಗಾರನಾಗಿದ್ದ ಬಿಲ್ ಜೇಮ್ಸ್ ಎಂಬವರು 1977ರಿಂದ ವರ್ಷಕ್ಕೊಂದು ಲೆಕ್ಕದ ಪುಸ್ತಕ ತಂದು, ಹಳಬರು ನಂಬಿಕೊಂಡು ಬಂದ ಎಷ್ಟೋ ಮಾತುಗಳನ್ನು ಪ್ರಶ್ನೆ ಮಾಡಿದರು. 2001ರಲ್ಲಿ ವೊರೊಸ್ ಮೆಕ್ರಾಕೆನ್ ಎಂಬವರು ಇನ್ನೊಂದು ತೋರಿಸಿದರು. ಬ್ಯಾಟಿಗೆ ತಾಗಿ ಮೈದಾನದ ಒಳಗೆ ಬಿದ್ದ ಚೆಂಡು ಫೀಲ್ಡರ್ ಕೈಗೆ ಹೋಗುವುದೋ ಸಂದಿಗೆ ಹೋಗುವುದೋ ಎಂಬುದು ಪಿಚರಿನ ಕೈಯಲ್ಲಿ ಇರುವುದು ಕಡಿಮೆ. ಎಷ್ಟು ಮಂದಿಯನ್ನು ತಾನೇ ಔಟ್ ಮಾಡಿದ, ಎಷ್ಟು ಮಂದಿಗೆ ಧರ್ಮಕ್ಕೆ ಬೇಸ್ ಕೊಟ್ಟ, ಎಷ್ಟು ಹೋಮ್ ರನ್ ತಿಂದ, ಇವು ಮೂರು ಹೆಚ್ಚಾಗಿ ಅವನ ಸ್ವಂತದ್ದು. ಚಾಡ್ ಬ್ರಾಡ್‌ಫರ್ಡ್ ಎಂಬ ರಿಲೀಫ್ ಪಿಚರ್ ಬೆರಳಿನ ಗೆಣ್ಣು ನೆಲಕ್ಕೆ ತಾಗುವಷ್ಟು ಬಗ್ಗಿ ಎಸೆಯುತ್ತಿದ್ದರು. ವೇಗ ಕಡಿಮೆ, ನೋಡಲು ವಿಚಿತ್ರ. ಮೈನರ್ ಲೀಗಿನಲ್ಲಿ ಅವರ ಅಂಕೆ ಚೆನ್ನಾಗಿದ್ದರೂ ಹೆಚ್ಚಿನವರಿಗೆ ನಂಬಿಕೆ ಬರಲಿಲ್ಲ. ಓಕ್‌ಲ್ಯಾಂಡಿನವರು ಅಂಕೆ ನೋಡಿ ಅವರನ್ನು ತೆಗೆದುಕೊಂಡರು, ಒಳ್ಳೆಯ ಕೆಲಸಕ್ಕೆ ಬಂದರು. 2003ರಲ್ಲಿ ಬಂದ "ಮನಿಬಾಲ್" ಪುಸ್ತಕದಲ್ಲಿ ಅವರ ಕಥೆ ಉಂಟು.

ನಮ್ಮ ದೇಶದ ಇಬ್ಬರೂ ಈ ತಕ್ಕಡಿ ಹತ್ತಿದ್ದಾರೆ. 2008ರಲ್ಲಿ ಭಾರತದಲ್ಲಿ ನಡೆದ "ಮಿಲಿಯನ್ ಡಾಲರ್ ಆರ್ಮ್" ಎಂಬ ಸ್ಪರ್ಧೆಯಲ್ಲಿ ರಾಡಾರ್ ಹಿಡಿದು ಸಾವಿರಾರು ಹುಡುಗರ ಎಸೆತ ಅಳೆದರು. ಗೆದ್ದು ಬಂದವರು ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್, ಇಬ್ಬರೂ ಜಾವೆಲಿನ್ ಎಸೆಯುತ್ತಿದ್ದವರು. ಬೇಸ್‌ಬಾಲ್ ಎಂತ ಅಂತಲೇ ಗೊತ್ತಿರಲಿಲ್ಲ. ಆ ವರ್ಷದ ಕೊನೆಗೆ ಪಿಟ್ಸ್‌ಬರ್ಗ್ ಪೈರೇಟ್ಸ್ ಇಬ್ಬರಿಗೂ ಒಪ್ಪಂದ ಕೊಟ್ಟಿತು. ಪಟೇಲ್ ಎರಡು ವರ್ಷದಲ್ಲಿ ಊರಿಗೆ ಮರಳಿದರು. ರಿಂಕು ಸಿಂಗ್ ರಿಲೀಫ್ ಪಿಚರ್ ಆಗಿ ಎ ಮಟ್ಟದ ತನಕ ಹತ್ತಿದರು, ಆಮೇಲೆ ಗಾಯ, ಕಡೆಗೆ ಕುಸ್ತಿಯ ಅಖಾಡ. ರಾಡಾರ್ ಅಳೆದದ್ದು ಕೈಯನ್ನು. ಚಿಕ್ಕಂದಿನಿಂದ ಆಡಿ ಬರುವ ಆಟದ ಬುದ್ಧಿಯನ್ನು ಅಳೆಯುವ ಯಂತ್ರ ಅದಲ್ಲ. ಆದರೂ ಆ ಹುಡುಗರು ಮುಟ್ಟಿದ ಎತ್ತರ ಸಣ್ಣದು ಅಂತ ನಾನು ಹೇಳಲಾರೆ.

ಇಷ್ಟೆಲ್ಲ ಓದುವಾಗ ನನಗೆ ಕಣ್ಣ ಮುಂದೆ ಬರುತ್ತಿದ್ದದ್ದು ಒಬ್ಬಳು ಹುಡುಗಿ. ಹೆಸರು ಬೇಡ. ನಾನು ಏಳನೇ ಕ್ಲಾಸಿಗೆ ಇದ್ದ ಕಾಲ. ಸ್ಕಾಲರ್‌ಶಿಪ್ ಪರೀಕ್ಷೆಗೆ ಯಾರನ್ನು ಕೂರಿಸುವುದು ಅಂತ ನಾನೇ ಪಟ್ಟಿ ಮಾಡಿದ್ದು, ಅರ್ಧವಾರ್ಷಿಕದ ಅಂಕ ನೋಡಿ. ಅವಳಿಗೆ ಆ ಸಲ ಗಣಿತದಲ್ಲಿ ಕಡಿಮೆ ಬಂದಿತ್ತು. ಬಿಟ್ಟೆ. ಪರೀಕ್ಷೆಯ ವಾರ ಅವಳ ಮನೆಯಲ್ಲಿ ಅಜ್ಜಿಗೆ ಸೀಕು, ರಾತ್ರಿ ಎದ್ದು ಕೂರುತ್ತಿದ್ದದ್ದು ಇವಳೇ ಅಂತ ಮತ್ತೆ ತಿಳಿಯಿತು. ಆಗ ಪಟ್ಟಿ ಹೋಗಿ ಆಗಿತ್ತು. ಕೇಳಿದ್ದರೆ ಒಂದು ಹೆಸರು ಸೇರಿಸಲು ಬಿಡುತ್ತಿದ್ದರೋ ಏನೋ, ನಾನು ಕೇಳಲಿಲ್ಲ. ತುಂಬಾ ವರ್ಷದ ನಂತರ ಒಂದು ಮದುವೆಯಲ್ಲಿ ಸಿಕ್ಕಿದಳು. ಮಕ್ಕಳನ್ನು ತೋರಿಸಿದಳು. ಮಾತಿನ ನಡುವೆ ನಗುತ್ತಲೇ, "ಮಾಷ್ಟ್ರೇ, ಆ ಪರೀಕ್ಷೆಗೆ ನನ್ನನ್ನು ನೀವು ಕಳಿಸ್ಲೇ ಇಲ್ಲ ಅಲ್ವಾ" ಅಂದಳು. ಸಿಟ್ಟಿನಿಂದ ಅಲ್ಲ. ಆದರೆ ಇಪ್ಪತ್ತು ವರ್ಷ ನೆನಪಿಟ್ಟಿದ್ದಳು. ನಾನು ಪಾಯಸ ಅರ್ಧ ಬಿಟ್ಟು ಎದ್ದೆ.

60 ಇನ್ನಿಂಗ್ಸಿನಲ್ಲಿ ಒಂದು ಕೆಟ್ಟ ಸಂಜೆ ಎಷ್ಟು ಭಾರ ಅಂತ ಮೇಲೆ ಲೆಕ್ಕ ಮಾಡಿ ತೋರಿಸಿದೆನಲ್ಲ, ಆ ಹುಡುಗಿಗೆ ನಾನು ನೋಡಿದ್ದು ಒಂದೇ ಸಂಜೆಯನ್ನು. ಬೇಸ್‌ಬಾಲಿನವರಿಗೆ ಕೋಟಿಗಟ್ಟಲೆ ದುಡ್ಡು, ಯಂತ್ರ, ನೂರು ವರ್ಷದ ಲೆಕ್ಕದ ಪುಸ್ತಕ ಎಲ್ಲಾ ಉಂಟು. ಅವರೂ ರಿವೇರಾರನ್ನು ಬೇಲಿಯ ಹೊರಗೆ ಬಿಟ್ಟಿದ್ದರು. ಯಾರೂ ಕೊಂಡುಹೋಗದೆ ಉಳಿದದ್ದು ಅವರ ಪುಣ್ಯ. ನಮ್ಮ ಕೈಯಲ್ಲಿ ಇರುವುದು ಒಂದು ಮಾರ್ಕ್ ಪುಸ್ತಕ, ಒಂದು ಪೆನ್ನು.

ಈಗ ಶಾಲೆಯಲ್ಲಿ ಇರುವ ನನ್ನ ಕಿರಿಯ ಮಿತ್ರರಿಗೆ ಹೇಳುವುದಿಷ್ಟೆ. ಪಟ್ಟಿ ಮಾಡಲೇಬೇಕು, ಅಂಕವೂ ಬೇಕು. ಆದರೆ ಪಟ್ಟಿ ಕಳಿಸುವ ಮೊದಲು, ಬಿಟ್ಟ ಹೆಸರುಗಳನ್ನು ಮತ್ತೊಮ್ಮೆ ಓದಿ. ಆ ವಾರ ಆ ಮನೆಯಲ್ಲಿ ಎಂತ ಆಗಿತ್ತು ಅಂತ ಒಂದು ಮಾತು ಕೇಳಿ. ಆಮೇಲೆ ಸಹಿ ಹಾಕಿ.